ದೆಹಲಿಗೆ ಮೂರು ದಿನ: ದಾಕ್ಷಿಣ್ಯ ಊರಲ್ಲೇ ಬಿಟ್ಟು ಬನ್ನಿ

ಪ್ರಶ್ನೆ: ನಾವು ತುಮಕೂರಿನವರು. ನಾನು, 67 ವರ್ಷದ ಅಮ್ಮ, 11 ವರ್ಷದ ಮಗಳು, ಮೂವರೇ ಸಂಕ್ರಾಂತಿ ಹೊತ್ತಿಗೆ ದೆಹಲಿ ನೋಡಿ ಬರೋಣ ಅಂತಿದ್ದೇವೆ. ಶನಿವಾರ ರಾತ್ರಿ 11ಕ್ಕೆ ಇಳಿಯುವ ವಿಮಾನ ಅಗ್ಗಕ್ಕೆ ಸಿಗುತ್ತಿದೆ, ಮಂಗಳವಾರ ಸಂಜೆ ವಾಪಸ್. ಒಂದು ದಿನ ಆಗ್ರಾಕ್ಕೂ ಹೋಗಬೇಕು. ಪಹಾಡ್‌ಗಂಜ್‌ನಲ್ಲಿ ಒಂದು ಹೋಟೆಲ್ ನೋಡಿಟ್ಟಿದ್ದೇನೆ. ಅಮ್ಮನಿಗೆ ಮಂಡಿ ನೋವು, ನಮಗೆ ಹಿಂದಿ ಅಷ್ಟಕ್ಕಷ್ಟೆ. ಹೆಂಗಸರೇ ಹೋಗೋದು ಸುರಕ್ಷಿತವಾ? ಮನೆಯವರೆಲ್ಲ ಹೆದರಿಸುತ್ತಿದ್ದಾರೆ.

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಯೋಜನೆಯಲ್ಲಿ ಅಲ್ಲ. ಟಿಕೆಟ್ ಇನ್ನೂ ತೆಗೆದಿಲ್ಲ ಅಂತ ಕಾಣುತ್ತದೆ, ಸದ್ಯ ತೆಗೆಯಬೇಡಿ.

ನಾನು ದೆಹಲಿಯಲ್ಲಿ ಹತ್ತೊಂಬತ್ತು ವರ್ಷ ಇದ್ದವನು. ಈಗ ವರ್ಷಕ್ಕೆ ನಾಲ್ಕೈದು ಸಲ ನಮ್ಮ ಕಡೆಯ ಗುಂಪುಗಳನ್ನು ಕರೆದುಕೊಂಡು ಹೋಗುತ್ತೇನೆ. ಇಷ್ಟು ವರ್ಷದಲ್ಲಿ ನಮ್ಮವರಿಗೆ ಅಲ್ಲಿ ಆದ ತೊಂದರೆಗಳನ್ನು ನೆನೆಸಿಕೊಂಡರೆ, ಬಹುಪಾಲು ಎರಡು ಕಾರಣಕ್ಕೆ ಆಗಿವೆ. ಒಂದು ದಣಿವು, ಇನ್ನೊಂದು ದಾಕ್ಷಿಣ್ಯ. ದಣಿದವರು ರಸ್ತೆಯಲ್ಲಿ ನಿಂತು ತೀರ್ಮಾನ ಮಾಡುತ್ತಾರೆ. ದಾಕ್ಷಿಣ್ಯ ಇರುವವರು, ಪಾಪ ಇಷ್ಟೊಂದು ಕೇಳುತ್ತಿದ್ದಾನಲ್ಲ ಅಂತ ಅಪರಿಚಿತನ ಹಿಂದೆ ಹೋಗುತ್ತಾರೆ. ನಾನೂ ಹೋಗಿದ್ದೆ. ಮೊದಲ ಸಲ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ನವದೆಹಲಿ ಸ್ಟೇಷನ್‌ನಲ್ಲಿ ಇಳಿದಾಗ, ಶರ್ಟು ಇನ್‌ಶರ್ಟ್ ಮಾಡಿಕೊಂಡಿದ್ದ ಒಬ್ಬ ಬಂದು ನನ್ನ ಮುಂದಿನ ಟಿಕೆಟ್ ನೋಡಿ 'ಇದು ರದ್ದಾಗಿದೆ, ಸರ್ಕಾರಿ ಟೂರಿಸ್ಟ್ ಆಫೀಸ್‌ಗೆ ಬನ್ನಿ' ಅಂದ. ಹೋದೆ. ಬೋರ್ಡು, ನಕ್ಷೆ, ಫೋನು, ಎಲ್ಲ ಇತ್ತು. ಅದು ಸರ್ಕಾರಿ ಅಲ್ಲ ಅಂತ ಗೊತ್ತಾಗುವಷ್ಟರಲ್ಲಿ 600 ರೂಪಾಯಿ ಹೋಗಿತ್ತು, ಆ ಕಾಲಕ್ಕೆ ಅದು ದೊಡ್ಡ ದುಡ್ಡು. ಟಿಕೆಟ್ ರದ್ದಾಗಿರಲೇ ಇಲ್ಲ. ಈ ಆಟ ಇವತ್ತಿಗೂ ನಡೆಯುತ್ತಿದೆ, ಸ್ಟೇಷನ್ ಸುತ್ತಮುತ್ತ, ಕನಾಟ್ ಪ್ಲೇಸ್‌ನಲ್ಲಿ.

ಮೊದಲು ದಿನಾಂಕದ ವಿಷಯ. ಸಂಕ್ರಾಂತಿ ಹೊತ್ತಿಗೆ ದೆಹಲಿಯಲ್ಲಿ ಮಂಜು ಕವಿಯುತ್ತದೆ. ಸುಮ್ನೆ ಚಂದದ ಮಂಜಲ್ಲ, ವಿಮಾನಗಳು ಗಂಟೆಗಟ್ಟಲೆ ತಡ, ರೈಲುಗಳು ಇನ್ನೂ ತಡ. ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ, ಅಗ್ಗದ ಹೋಟೆಲ್‌ಗಳಲ್ಲಿ ಹೀಟರ್ ಇರುವುದಿಲ್ಲ. ತುಮಕೂರಿನ ಚಳಿ ನೋಡಿದ ಮಂಡಿಗೆ ಅದು ಬೇರೆಯೇ ಲೋಕ. ಗಾಳಿಯಂತೂ ದೀಪಾವಳಿಯಿಂದ ಜನವರಿ ಕೊನೆವರೆಗೆ ಕೆಟ್ಟಿರುತ್ತದೆ, ಬೆಳಿಗ್ಗೆ ಎದ್ದರೆ ಗಂಟಲು ಉರಿ. ಅದರ ಮೇಲೆ ಜನವರಿ 26ರ ತಯಾರಿ. ಕರ್ತವ್ಯ ಪಥದಲ್ಲಿ ಪರೇಡ್ ತಾಲೀಮು, ರಸ್ತೆ ಬಂದ್, ಕೆಂಪು ಕೋಟೆ ಕೂಡ ಹಿಂದೆ ಮುಂದೆ ಕೆಲವು ದಿನ ಮುಚ್ಚಿರುತ್ತಾರೆ. ಜನವರಿಗೆ ಬಂದರೆ ಇರುವ ಒಂದೇ ಲಾಭ ದೌಲತ್ ಕಿ ಚಾಟ್, ಹಾಲಿನ ನೊರೆಯಿಂದ ಮಾಡುವ ಒಂದು ಸಿಹಿ, ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಅದಕ್ಕೋಸ್ಕರ ಅಮ್ಮನ ಮಂಡಿ ಬಲಿ ಕೊಡುವುದು ಬೇಡ.

ಮಗಳಿಗೆ ದಸರಾ ರಜೆ ಸಿಗುತ್ತದಲ್ಲ, ಆಗ ಹೋಗಿ. ಮಳೆ ಮುಗಿದಿರುತ್ತದೆ, ಸೆಕೆ ಇಳಿದಿರುತ್ತದೆ, ದೀಪಾವಳಿಯ ಹೊಗೆ ಇನ್ನೂ ಶುರುವಾಗಿರುವುದಿಲ್ಲ. ಒಂದೇ ಎಚ್ಚರ: ಕೆಂಪು ಕೋಟೆ ಎದುರಿನ ಮೈದಾನದಲ್ಲಿ ದೊಡ್ಡ ರಾಮಲೀಲಾ ನಡೆಯುತ್ತದೆ, ವಿಜಯದಶಮಿ ಸಂಜೆ ರಾವಣನನ್ನು ಸುಡುವಾಗ ಆ ಕಡೆ ಸುಳಿಯಬೇಡಿ, ಹಳೆ ದೆಹಲಿ ಅಲ್ಲಾಡುವುದಿಲ್ಲ ಅಷ್ಟು ಜನ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೂ ಚೆನ್ನಾಗಿರುತ್ತದೆ, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಆ ಹೊತ್ತಿಗೆ ತೆರೆದಿರುತ್ತದೆ, ಆದರೆ ಪರೀಕ್ಷೆ ಹತ್ತಿರ ಬರುತ್ತದೆ ಅಲ್ವಾ.

ಇನ್ನು ವಾರ. ನಿಮ್ಮ ಮೂರು ದಿನ ಭಾನುವಾರ, ಸೋಮವಾರ, ಮಂಗಳವಾರ. ಸೋಮವಾರ ದೆಹಲಿಯಲ್ಲಿ ಕೆಂಪು ಕೋಟೆ ಇಲ್ಲ, ರಾಷ್ಟ್ರೀಯ ವಸ್ತುಸಂಗ್ರಹಾಲಯ ಇಲ್ಲ, ಅಕ್ಷರಧಾಮ ಇಲ್ಲ, ಲೋಟಸ್ ಟೆಂಪಲ್ ಇಲ್ಲ, ಗಾಂಧಿ ಸ್ಮೃತಿ ಇಲ್ಲ, ರೈಲು ಮ್ಯೂಸಿಯಂ ಇಲ್ಲ. ಭಾನುವಾರ ಚಾಂದನಿ ಚೌಕ್‌ನ ಅಂಗಡಿಗಳು ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಅಂದರೆ ಮೂರರಲ್ಲಿ ಒಂದೂವರೆ ದಿನ ಹೋಯಿತು. ಮಂಗಳವಾರ ಮಧ್ಯಾಹ್ನ ಇಳಿದು ಶುಕ್ರವಾರ ಸಂಜೆ ಹೊರಡುವ ಹಾಗೆ ಟಿಕೆಟ್ ನೋಡಿ. ರಾತ್ರಿ 11ಕ್ಕೆ ಇಳಿಯುವ ವಿಮಾನ ಅಗ್ಗ ಅಂದಿರಿ. ಬ್ಯಾಗ್ ಬರುವಷ್ಟರಲ್ಲಿ ಹನ್ನೆರಡು, ಕ್ಯಾಬ್ ಹುಡುಕಿ ಹೋಟೆಲ್ ಸೇರುವಷ್ಟರಲ್ಲಿ ಒಂದು. ಅಮ್ಮ ಸುಸ್ತು, ಮಗಳು ನಿದ್ದೆ, ನೀವೊಬ್ಬರೇ ಎಚ್ಚರ. ಡ್ರೈವರ್ 'ಮೇಡಂ, ಆ ರಸ್ತೆ ಬಂದ್ ಆಗಿದೆ, ನಿಮ್ಮ ಹೋಟೆಲ್ ಮುಚ್ಚಿದೆ, ನನಗೆ ಗೊತ್ತಿರುವ ಕಡೆ ಕರೆದುಕೊಂಡು ಹೋಗ್ತೀನಿ' ಅನ್ನುವುದು ಇಂಥ ಹೊತ್ತಿನಲ್ಲೇ. ಹಗಲಲ್ಲಿ ಇಳಿಯುವುದಕ್ಕೆ ಜಾಸ್ತಿ ಕೊಡುವ ಒಂದೆರಡು ಸಾವಿರವೇ ನಿಮ್ಮ ಪ್ರವಾಸದ ದೊಡ್ಡ ರಕ್ಷಣೆ.

ಆಗ್ರಾ ಬಿಡಿ. ಬೇಜಾರು ಮಾಡಿಕೊಳ್ಳಬೇಡಿ. ಹಜರತ್ ನಿಜಾಮುದ್ದೀನ್ ಸ್ಟೇಷನ್‌ನಿಂದ ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ 100 ನಿಮಿಷಕ್ಕೆ ಆಗ್ರಾ ಮುಟ್ಟಿಸುತ್ತದೆ, ನಿಜ. ಆದರೆ ಐದೂವರೆಗೆ ಏಳಬೇಕು, ಅಲ್ಲಿ ಬಿಸಿಲಲ್ಲಿ ನಡೆಯಬೇಕು, ವಾಪಸ್ ಬಂದು ಹೋಟೆಲ್ ಸೇರುವಾಗ ರಾತ್ರಿ ಎಂಟೂವರೆ. ಮಾರನೇ ದಿನ ಅಮ್ಮ ಏಳುವುದಿಲ್ಲ. ಹಟ ಮಾಡಿದರೆ ನಾಲ್ಕನೇ ದಿನ ಸೇರಿಸಿ, ಶುಕ್ರವಾರ ಬಿಟ್ಟು. ಶುಕ್ರವಾರ ತಾಜ್ ಮುಚ್ಚಿರುತ್ತದೆ, ಅದಕ್ಕೇ ಗತಿಮಾನ್ ಕೂಡ ಅವತ್ತು ಓಡುವುದಿಲ್ಲ. ಟ್ಯಾಕ್ಸಿ ಮಾಡಿಕೊಂಡು ಒಂದೇ ದಿನದಲ್ಲಿ ಹೋಗಿ ಬರುವುದು, ಅದೂ ಮಂಜಿನ ಕಾಲದಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ, ನನ್ನ ಮನೆಯವರಿಗೆ ಬಿಡುವುದಿಲ್ಲ, ನಿಮಗೂ ಹೇಳುವುದಿಲ್ಲ. ತಾಜ್‌ಗೆ ಬದಲು ಏನು ಅಂತ ಮುಂದೆ ಹೇಳುತ್ತೇನೆ.

ಪಹಾಡ್‌ಗಂಜ್ ಕೆಟ್ಟ ಜಾಗ ಅಂತಲ್ಲ. ಸ್ಟೇಷನ್ ಪಕ್ಕ, ಅಗ್ಗ, ಒಬ್ಬೊಬ್ಬರೇ ತಿರುಗುವ ಹುಡುಗರಿಗೆ ಸರಿ. ಆದರೆ ಗಲ್ಲಿ ಸಣ್ಣ, ಕ್ಯಾಬ್ ಹೋಟೆಲ್ ಬಾಗಿಲಿಗೆ ಬರುವುದಿಲ್ಲ, ದಲ್ಲಾಳಿಗಳ ಕಾಟ ಜಾಸ್ತಿ. ನೀವು ದಕ್ಷಿಣ ದೆಹಲಿಯಲ್ಲಿ, ಗ್ರೀನ್ ಪಾರ್ಕ್ ಅಥವಾ ಹೌಜ್ ಖಾಸ್ ಕಡೆ ಉಳಿಯಿರಿ. ಎರಡೂ ಮೆಟ್ರೋದ ಹಳದಿ ಲೈನ್ ಮೇಲಿವೆ, ಆ ಒಂದು ಲೈನ್‌ನಲ್ಲೇ ಕುತುಬ್ ಮಿನಾರ್‌ನಿಂದ ಚಾಂದನಿ ಚೌಕ್‌ವರೆಗೆ ಹೋಗಬಹುದು. ಕರ್ನಾಟಕ ಭವನ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲ ಆದ್ಯತೆ, ನಂಬಿಕೊಂಡು ಹೋಗಬೇಡಿ. ಬುಕ್ ಮಾಡುವ ಮುಂಚೆ ಹೋಟೆಲ್‌ಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಲಿಫ್ಟ್ ಇದೆಯಾ, ರಿಸೆಪ್ಷನ್‌ನಲ್ಲಿ ರಾತ್ರಿಯೆಲ್ಲ ಜನ ಇರುತ್ತಾರಾ, ಕಾರು ಬಾಗಿಲವರೆಗೆ ಬರುತ್ತದಾ. ಅವರು ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಈಗ ದಿನಗಳಿಗೆ ಬರೋಣ. ದೆಹಲಿ ಒಂದು ಊರಲ್ಲ, ಒಂದರ ಪಕ್ಕ ಒಂದು ಕಟ್ಟಿಕೊಂಡ ಏಳೆಂಟು ಊರು. ಪ್ರತಿ ರಾಜನೂ ಹಳೆಯದನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟಿದ. ಹಾಗಾಗಿ ನೋಡುವ ಜಾಗಗಳು ಚೆಲ್ಲಾಪಿಲ್ಲಿ. ದಿನಕ್ಕೆ ಒಂದೇ ಭಾಗ ಅಂತ ಇಟ್ಟುಕೊಳ್ಳಿ, ಮಧ್ಯಾಹ್ನ ಎರಡು ಗಂಟೆ ವಿಶ್ರಾಂತಿ, ಅದರಲ್ಲಿ ರಾಜಿ ಬೇಡ. ಒಂದೇ ದಿನದಲ್ಲಿ ಹತ್ತು ಜಾಗ ತೋರಿಸುವ ಬಸ್ಸಿನಲ್ಲಿ ಹತ್ತಿದರೆ ನಿಮಗೆ ನೆನಪಿರುವುದು ಬಸ್ಸಿನ ಸೀಟು ಮಾತ್ರ.

ಮಂಗಳವಾರ ಇಳಿದು, ಊಟ ಮಾಡಿ, ಮಲಗಿ. ಸಂಜೆ ಇಂಡಿಯಾ ಗೇಟ್‌ಗೆ ಹೋಗಿ, ಪಕ್ಕದಲ್ಲೇ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ. 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆ. ಪ್ರವೇಶ ಉಚಿತ, ನೆಲ ಸಮತಟ್ಟು. ಅಲ್ಲಿಂದ ಬಾಂಗ್ಲಾ ಸಾಹಿಬ್ ಗುರುದ್ವಾರ. ತಲೆಗೆ ಬಟ್ಟೆ ಕಟ್ಟಬೇಕು, ಚಪ್ಪಲಿ ಬಿಡಬೇಕು, ಕೊಳದ ಪಕ್ಕ ಕೂತು ಕೀರ್ತನೆ ಕೇಳಬಹುದು, ಲಂಗರ್‌ನಲ್ಲಿ ಊಟ ಸಿಗುತ್ತದೆ. ನೆಲದ ಮೇಲೆ ಕೂರಲು ಆಗದವರು ಅಮ್ಮನೊಬ್ಬರೇ ಅಲ್ಲ, ಸೇವಾದಾರರಿಗೆ ಹೇಳಿ, ನೋಡಿಕೊಳ್ಳುತ್ತಾರೆ. ನಾನು ಕರೆದುಕೊಂಡು ಹೋದ ಅಜ್ಜಿಯರೆಲ್ಲ ದೆಹಲಿಯಲ್ಲಿ ಯಾವುದು ಇಷ್ಟವಾಯಿತು ಅಂದರೆ ಇದನ್ನೇ ಹೇಳುವುದು. ನಮ್ಮ ಸಿದ್ಧಗಂಗೆಯ ದಾಸೋಹ ನೋಡಿದವರಿಗೆ ಲಂಗರ್ ಅಂದರೆ ಏನು ಅಂತ ವಿವರಿಸಬೇಕಾಗುವುದಿಲ್ಲ.

ಬುಧವಾರ ಹಳೆ ದೆಹಲಿ. ಇದು ಗಲಾಟೆಯ ಜಾಗ, ಆದ್ದರಿಂದ ಮೈಯಲ್ಲಿ ಶಕ್ತಿ ಇರುವಾಗಲೇ ಮುಗಿಸಿ, ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿರಿ. ಚಾಂದನಿ ಚೌಕ್ ಸ್ಟೇಷನ್‌ನಲ್ಲಿ ಇಳಿಯಬೇಡಿ, ಹೊರಗೆ ಬಂದರೆ ಇಕ್ಕಟ್ಟು ಗಲ್ಲಿ. ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ನೇರಳೆ ಲೈನ್‌ಗೆ ಬದಲಾಯಿಸಿಕೊಂಡು ಲಾಲ್ ಕಿಲಾ ಸ್ಟೇಷನ್‌ನಲ್ಲಿ ಇಳಿಯಿರಿ. ಮೆಟ್ರೋದಲ್ಲಿ ಮೊದಲ ಬೋಗಿ ಹೆಂಗಸರಿಗೇ ಮೀಸಲು, ಪ್ಲಾಟ್‌ಫಾರ್ಮ್ ಮೇಲೆ ಗುಲಾಬಿ ಬಣ್ಣದ ಗುರುತು ಹಾಕಿರುತ್ತಾರೆ. 2025ರ ನವೆಂಬರ್ 10ರಂದು ಇದೇ ಸ್ಟೇಷನ್ ಹತ್ತಿರ ಕಾರು ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಮನೆಯವರು ಹೆದರಿಸುತ್ತಿರುವುದು ಅದನ್ನು ನೆನೆದೇ ಇರಬೇಕು. ಹೆದರಿಕೆ ಸುಳ್ಳಲ್ಲ. ಆದರೆ ಆ ದಾರಿಯಲ್ಲಿ ದಿನಾ ಲಕ್ಷಗಟ್ಟಲೆ ಜನ ಓಡಾಡುತ್ತಾರೆ. ನೀವು ಮಾಡಬೇಕಾದದ್ದು ಇಷ್ಟೇ: ಹೊರಡುವ ಹಿಂದಿನ ದಿನ ಸುದ್ದಿ ನೋಡಿ, ಸಣ್ಣ ಬ್ಯಾಗ್ ತನ್ನಿ, ತಪಾಸಣೆಗೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಕೆಂಪು ಕೋಟೆ ಕಟ್ಟಲು ಷಹಜಹಾನ್ 1639ರಲ್ಲಿ ಶುರು ಮಾಡಿದ, 1648ಕ್ಕೆ ಮುಗಿಯಿತು. ಒಳಗೆ ನಡೆಯುವುದು ಸಾಕಷ್ಟಿದೆ, ಟಿಕೆಟ್ ಕೌಂಟರ್‌ನಲ್ಲೇ ವೀಲ್‌ಚೇರ್ ಕೇಳಿ. ಮಗಳಿಗೆ ಅರಮನೆಗಿಂತ ಕಥೆ ಹಿಡಿಸುತ್ತದೆ. ಕೊನೆಯ ಬಾದಷಾ ಬಹದ್ದೂರ್ ಷಾ ಜಾಫರ್‌ನನ್ನು 1858ರಲ್ಲಿ ಬ್ರಿಟಿಷರು ವಿಚಾರಣೆ ಮಾಡಿದ್ದು ಅವನದೇ ಕೋಟೆಯೊಳಗೆ. ನೇತಾಜಿಯ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ ನಡೆದದ್ದೂ ಇಲ್ಲೇ, ಅದರ ಮ್ಯೂಸಿಯಂ ಒಳಗಿದೆ. ಹೊರಗೆ ಬಂದರೆ ಎದುರಿಗೇ ದಿಗಂಬರ ಜೈನರ ಲಾಲ್ ಮಂದಿರ, ಅದರ ಜೊತೆಗೇ ಹಕ್ಕಿಗಳ ಆಸ್ಪತ್ರೆ. ಹಕ್ಕಿಗಳ ಆಸ್ಪತ್ರೆ! ಹನ್ನೊಂದು ವರ್ಷದವಳಿಗೆ ಕೋಟೆಗಿಂತ ಅದು ನೆನಪಿರುತ್ತದೆ, ಬರೆದಿಟ್ಟುಕೊಳ್ಳಿ.

ಚಾಂದನಿ ಚೌಕ್‌ನ ಮುಖ್ಯ ರಸ್ತೆಯಲ್ಲಿ ಹಗಲು ಮೋಟಾರ್ ವಾಹನ ಬಿಡುವುದಿಲ್ಲ, ಸೈಕಲ್ ರಿಕ್ಷಾ ಹತ್ತಿ. ಹತ್ತುವ ಮುಂಚೆ ಮೂವರಿಗೂ ಸೇರಿ ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ಗಟ್ಟಿಯಾಗಿ ಕೇಳಿ. 'ಐವತ್ತು' ಅಂದವನು ಇಳಿಯುವಾಗ 'ಒಬ್ಬೊಬ್ಬರಿಗೆ' ಅನ್ನುತ್ತಾನೆ. ದಾರಿಯಲ್ಲಿ ಸೀಸ್ ಗಂಜ್ ಗುರುದ್ವಾರ ಸಿಗುತ್ತದೆ, 1675ರಲ್ಲಿ ಗುರು ತೇಗ್ ಬಹದ್ದೂರರ ತಲೆ ಕಡಿಸಿದ ಜಾಗ. ತಿನ್ನುವುದಾದರೆ ದರೀಬಾ ಗಲ್ಲಿಯ ಮೂಲೆಯ ಬಿಸಿ ಜಿಲೇಬಿ ತಿನ್ನಿ, ಎದುರಿಗೇ ಕರಿಯುತ್ತಾರೆ. ಪರಾಠೆ ವಾಲಿ ಗಲಿ ಅಂತ ಎಲ್ಲರೂ ಹೇಳುತ್ತಾರೆ, ನನಗಂತೂ ಅದು ಹೆಸರಿಗೆ ಮಾತ್ರ. ತುಪ್ಪದಲ್ಲಿ ಕರಿದ ಪರಾಠೆ ತಿಂದು ಅಮ್ಮ ಸಂಜೆವರೆಗೆ ಎದೆಯುರಿ ಅನ್ನುತ್ತಾರೆ. ಕತ್ತರಿಸಿಟ್ಟ ಹಣ್ಣು, ಗಾಡಿಯ ನೀರು ಮುಟ್ಟಬೇಡಿ. ಮಧ್ಯಾಹ್ನ ಒಂದಕ್ಕೆ ಅಲ್ಲಿಂದ ಹೊರಟುಬಿಡಿ. ಜಾಮಾ ಮಸೀದಿ ನೋಡುವ ಆಸೆ ಇದ್ದರೆ ಮೆಟ್ಟಿಲು ಜಾಸ್ತಿ ಅನ್ನುವುದು ನೆನಪಿರಲಿ, ಅಮ್ಮನನ್ನು ಕೆಳಗೆ ಒಬ್ಬರೇ ಬಿಟ್ಟು ಹೋಗುವುದಕ್ಕಿಂತ ಅದನ್ನು ಬಿಡುವುದೇ ವಾಸಿ.

ಗುರುವಾರ ದಕ್ಷಿಣ. ಬೆಳಿಗ್ಗೆ ಕುತುಬ್ ಮಿನಾರ್, ಮೆಟ್ರೋ ಸ್ಟೇಷನ್‌ನಿಂದ ಒಂದೂವರೆ ಕಿಲೋಮೀಟರ್, ಆಟೋ ಮಾಡಿ. ಸುಮಾರು 73 ಮೀಟರ್ ಎತ್ತರ. ಒಳಗೆ ಹತ್ತಲು ಬಿಡುವುದಿಲ್ಲ, 1981ರ ಡಿಸೆಂಬರ್‌ನಲ್ಲಿ ಒಳಗಿನ ಮೆಟ್ಟಿಲಲ್ಲಿ ದೀಪ ಹೋಗಿ ನೂಕುನುಗ್ಗಲಾಗಿ 45 ಜನ ಸತ್ತರು, ಹೆಚ್ಚಿನವರು ಶಾಲೆ ಮಕ್ಕಳು. ಪಕ್ಕದಲ್ಲಿ ತುಕ್ಕು ಹಿಡಿಯದ ಗುಪ್ತರ ಕಾಲದ ಕಬ್ಬಿಣದ ಕಂಬ. ಎಲ್ಲರೂ ಅದರ ಮುಂದೆ ಫೋಟೋ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ನೀವು ಇನ್ನು ಸ್ವಲ್ಪ ನಡೆದು ಅಲಾಯಿ ದರ್ವಾಜಾ ನೋಡಿ. ಅಲ್ಲಾವುದ್ದೀನ್ ಖಿಲ್ಜಿ ಅದನ್ನು ಕಟ್ಟಿಸಿದ್ದು 1311ರಲ್ಲಿ. ಅದೇ ವರ್ಷ ಅವನ ದಂಡನಾಯಕ ಮಲಿಕ್ ಕಾಫರ್ ನಮ್ಮ ದ್ವಾರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ, ದಂಡೆತ್ತಿ ಬಂದು ಮೂರನೇ ಬಲ್ಲಾಳನಿಂದ ಆನೆ, ಕುದುರೆ, ಚಿನ್ನ ಹೊತ್ತುಕೊಂಡು ಹೋದ. ಹಳೇಬೀಡು ನೋಡಿದ ಮಗುವಿಗೆ ಆ ಬಾಗಿಲ ಕೆಳಗೆ ನಿಲ್ಲಿಸಿ ಇದನ್ನು ಹೇಳಿ ನೋಡಿ, ಅವಳು ಆ ಕಲ್ಲನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಅಷ್ಟು ಹೊತ್ತಿಗೆ ಅನ್ನ ಸಾರು ನೆನಪಾಗಿರುತ್ತದೆ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಟ್ಟಡದಲ್ಲಿ ನಮ್ಮ ಊಟ ಸಿಗುತ್ತದೆ, ಕನ್ನಡ ಮಾತಾಡುವವರೂ ಸಿಗುತ್ತಾರೆ. ಅಲ್ಲಿಂದ ಚಾಣಕ್ಯಪುರಿಯ ರೈಲು ಮ್ಯೂಸಿಯಂ ಹತ್ತಿರ. ಮೈಸೂರು ಮಹಾರಾಜರು ಓಡಾಡುತ್ತಿದ್ದ ಸಲೂನ್ ಬೋಗಿ ಅಲ್ಲಿದೆ, ಪುಟಾಣಿ ರೈಲು ಇದೆ, ಮಗಳು ಅದರಲ್ಲಿ ಸುತ್ತುವಾಗ ಅಮ್ಮನಿಗೆ ಕೂರಲು ನೆರಳಿದೆ.

ಶುಕ್ರವಾರ ಬೆಳಿಗ್ಗೆ ಸಾಮಾನು ಹೋಟೆಲ್‌ನಲ್ಲೇ ಬಿಟ್ಟು ಹುಮಾಯೂನ್ ಸಮಾಧಿಗೆ ಹೋಗಿ. ಆಗ್ರಾ ಬಿಡಿ ಅಂದೆನಲ್ಲ, ಅದಕ್ಕೆ ಬದಲು ಇದು. ತಾಜ್‌ಗಿಂತ ಸುಮಾರು 60 ವರ್ಷ ಹಳೆಯದು, ತಾಜ್‌ನ ಲೆಕ್ಕಾಚಾರವೆಲ್ಲ ಇಲ್ಲಿಂದಲೇ ಶುರುವಾದದ್ದು: ಎತ್ತರದ ಜಗಲಿ, ಬಿಳಿ ಗುಮ್ಮಟ, ನಾಲ್ಕು ಭಾಗ ಮಾಡಿದ ತೋಟ, ನೀರಿನ ಕಾಲುವೆ. ಕಟ್ಟಿಸಿದವಳು ಅವನ ಹೆಂಡತಿ ಬೇಗಾ ಬೇಗಂ, ಅಂದರೆ ತಾಜ್‌ನದು ಗಂಡ ಹೆಂಡತಿಗೆ ಕಟ್ಟಿಸಿದ್ದಾದರೆ ಇದು ಹೆಂಡತಿ ಗಂಡನಿಗೆ ಕಟ್ಟಿಸಿದ್ದು. ಬುಧವಾರ ಕೋಟೆಯಲ್ಲಿ ನೋಡಿದ ಬಹದ್ದೂರ್ ಷಾ 1857ರಲ್ಲಿ ಓಡಿ ಬಂದು ಅಡಗಿದ್ದು ಈ ಸಮಾಧಿಯಲ್ಲಿ, ಸೆರೆಸಿಕ್ಕಿದ್ದೂ ಇಲ್ಲೇ. ಮೇಲಕ್ಕೆ ಹೋಗುವ ಮೆಟ್ಟಿಲು ಕಡಿದಾಗಿವೆ, ಅಮ್ಮ ಹತ್ತುವುದು ಬೇಡ. ತೋಟದಲ್ಲಿ ಕೂತರೂ ಇಡೀ ಕಟ್ಟಡ ಕಣ್ಣ ಮುಂದೆ ಇರುತ್ತದೆ, ಹಾಗೆ ನೋಡುವುದೇ ಚೆಂದ. ಪಕ್ಕದ ಸುಂದರ್ ನರ್ಸರಿಯಲ್ಲಿ ಮರ, ಕೊಳ, ಬೆಂಚು ಎಲ್ಲ ಇದೆ, ಜನ ಕಡಿಮೆ. ಹೊತ್ತಿದ್ದರೆ ಗಾಂಧಿ ಸ್ಮೃತಿ. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ, 1948ರ ಜನವರಿ 30ರಂದು ಪ್ರಾರ್ಥನೆಗೆ ನಡೆದುಹೋದ ಹೆಜ್ಜೆಗಳನ್ನು ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ. ಅಲ್ಲಿ ಯಾರೂ ಏನನ್ನೂ ಮಾರಲು ಬರುವುದಿಲ್ಲ, ಅದೇ ಒಂದು ಸಮಾಧಾನ.

ಇಷ್ಟರಲ್ಲಿ ಅಕ್ಷರಧಾಮ, ಲೋಟಸ್ ಟೆಂಪಲ್, ಶಾಪಿಂಗ್ ಬರಲಿಲ್ಲ. ಬೇಕೆಂದೇ ಬಿಟ್ಟೆ.

ಇನ್ನು ದಾಕ್ಷಿಣ್ಯದ ಪಾಠ. ರಸ್ತೆಯಲ್ಲಿ ತಾನಾಗೇ ಬಂದು ಮಾತಾಡಿಸುವವನಿಗೆ ನಿಂತು ಉತ್ತರ ಕೊಡಬೇಡಿ. 'ನಹೀ ಚಾಹಿಯೇ ಭೈಯಾ' ಅಂದು ನಡೆಯುತ್ತಲೇ ಇರಿ, ನಗಬೇಡಿ, ಕ್ಷಮೆ ಕೇಳಬೇಡಿ. ಅದು ಅಲ್ಲಿ ಒರಟುತನ ಅಲ್ಲ, ಎಲ್ಲರೂ ಹಾಗೇ ಮಾಡುವುದು. ಏನಾದರೂ ಕೇಳಬೇಕಾದರೆ ನೀವೇ ಆರಿಸಿ ಕೇಳಿ: ಮೆಟ್ರೋ ಸಿಬ್ಬಂದಿ, ಪೊಲೀಸ್, ಮಕ್ಕಳ ಜೊತೆ ಇರುವ ಹೆಂಗಸರು. ಆಟೋದವನು 'ಎಂಪೋರಿಯಂ ಒಂದೇ ಐದು ನಿಮಿಷ ನೋಡಿ, ಕೊಳ್ಳಬೇಡಿ' ಅಂದರೆ ಅವನಿಗೆ ಕಮಿಷನ್ ಇದೆ ಅಂತ ಅರ್ಥ, ಇಳಿದುಬಿಡಿ. ಆ್ಯಪ್ ಕ್ಯಾಬ್‌ನಲ್ಲಿ ನಂಬರ್ ಪ್ಲೇಟ್ ತಾಳೆಯಾಗದೆ ಹತ್ತಬೇಡಿ, ಹತ್ತಿದ ಮೇಲೆ ಟ್ರಿಪ್ ಲಿಂಕ್ ಮನೆಗೆ ಕಳಿಸಿ. ರಾತ್ರಿ ಎಂಟೂವರೆ ಒಂಬತ್ತರೊಳಗೆ ರೂಮು ಸೇರಿಕೊಳ್ಳಿ. ಮಗಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್, ಹೋಟೆಲ್ ಹೆಸರು ಹಿಂದಿಯಲ್ಲಿ ಬರೆದ ಚೀಟಿ ಇರಲಿ, ತಪ್ಪಿಸಿಕೊಂಡರೆ ಮೆಟ್ರೋ ಸಿಬ್ಬಂದಿ ಹತ್ತಿರ ಹೋಗು ಅಂತ ಹೇಳಿಟ್ಟಿರಿ. ತುರ್ತಿಗೆ 112, ಪ್ರವಾಸಿಗರ ಸಹಾಯವಾಣಿ 1363. ದುಡ್ಡಿನ ವಿಷಯ ಜಾಸ್ತಿ ಹೇಳುವುದಿಲ್ಲ, ಯುಪಿಐ ಎಲ್ಲೆಡೆ ನಡೆಯುತ್ತದೆ, ರಿಕ್ಷಾಕ್ಕೆ ಹತ್ತು ಇಪ್ಪತ್ತರ ನೋಟು ಇಟ್ಟುಕೊಳ್ಳಿ.

ಕೊನೆಗೆ ಎರಡು ಸಣ್ಣ ವಿಷಯ, ನಮ್ಮವರು ಪ್ರತಿ ಸಲ ಮರೆಯುವಂಥವು. ದೆಹಲಿ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗಳು ಒಂದಕ್ಕೊಂದು ದೂರ, ಟರ್ಮಿನಲ್ 1ಕ್ಕೆ ಹೋಗಬೇಕಾದವರು 3ಕ್ಕೆ ಹೋಗಿ ವಿಮಾನ ತಪ್ಪಿಸಿಕೊಂಡದ್ದನ್ನು ನೋಡಿದ್ದೇನೆ, ಹೊರಡುವ ದಿನ ಬೆಳಿಗ್ಗೆ ಟಿಕೆಟ್ ಇನ್ನೊಮ್ಮೆ ನೋಡಿ. ಟಿಕೆಟ್ ತೆಗೆಯುವಾಗಲೇ ಅಮ್ಮನಿಗೆ ವೀಲ್‌ಚೇರ್ ಬೇಕು ಅಂತ ಹಾಕಿಬಿಡಿ. 'ನಾನೇನು ಅಷ್ಟು ಮುದುಕಿಯಾ' ಅಂತ ಅವರು ಬೈಯುತ್ತಾರೆ. ಬೈಯಲಿ ಬಿಡಿ.